ಗೋಡೆಯನ್ನೇ ಕಚ್ಚಿದ ಕಾವಲಿನವರು

ಒಂದು ಕಾಡಿನಲ್ಲಿ ಮತ್ತಿಮರದ ಬುಡಕ್ಕೆ ಒತ್ತಿಕೊಂಡು ಆಳೆತ್ತರದ ಹುತ್ತವೊಂದಿತ್ತು. ಹೊರಗಿನಿಂದ ನೋಡಿದರೆ ಬರೀ ಮಣ್ಣಿನ ಗುಡ್ಡೆ. ಒಳಗೆ ಗೆದ್ದಲುಗಳ ಒಂದು ಊರೇ ಇತ್ತು. ನೆಲದಾಳದಲ್ಲಿ ತಾಯಿಗೆದ್ದಲಿನ ಕೋಣೆ, ಸುತ್ತ ಮರಿಗಳ ಕೋಣೆಗಳು, ಎಲ್ಲವನ್ನೂ ಕೂಡಿಸುವ ಸಣ್ಣ ಸಣ್ಣ ಸುರಂಗಗಳು. ಅನ್ನ, ನೀರು, ಗಾಳಿ ಎಲ್ಲವೂ ಆ ಸುರಂಗಗಳಲ್ಲೇ ಹರಿಯಬೇಕಿತ್ತು. ಸುರಂಗ ಇದ್ದರೆ ಊರು.

ಅಲ್ಲಿ ಬೆಳಕೆಂಬುದೇ ಇರಲಿಲ್ಲ. ಗೆದ್ದಲುಗಳಿಗೆ ಕಣ್ಣೂ ಇರಲಿಲ್ಲ. ಎಲ್ಲವನ್ನೂ ವಾಸನೆಯಿಂದಲೇ ಗುರುತು ಹಿಡಿಯುತ್ತಿದ್ದವು. ಕೆಲಸದ ಗೆದ್ದಲುಗಳು ಮಣ್ಣಿಗೆ ತಮ್ಮ ಎಂಜಲು ಬೆರೆಸಿ ಕಲಸಿ ಗೋಡೆಗೆ ಮೆತ್ತುತ್ತಿದ್ದವು. ಆ ಹಸಿಮಣ್ಣಿನ ವಾಸನೆಯೇ ಅವಕ್ಕೆ ಮನೆಯ ವಾಸನೆ.

ಚಿಮಟ ಆ ಊರಿನ ಒಂದು ಕಾವಲು ಗೆದ್ದಲು. ಅದರ ತಲೆ ದೊಡ್ಡದು, ಕೋರೆಗಳು ಇಕ್ಕಳದ ಹಾಗೆ. ಆ ಕೋರೆಯಿಂದ ಕಚ್ಚಬಹುದಿತ್ತೇ ಹೊರತು ತಿನ್ನಲು ಆಗುತ್ತಿರಲಿಲ್ಲ. ಮಣ್ಣಜ್ಜಿ ಎಂಬ ಮುದಿ ಕೆಲಸಗಾತಿ ದಿನವೂ ಬಂದು ಅದರ ಬಾಯಿಗೆ ತುತ್ತು ಹಾಕುತ್ತಿತ್ತು. ಅಪಾಯ ಬಂದರೆ ಚಿಮಟ ತನ್ನ ತಲೆಯನ್ನು ಗೋಡೆಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಕೇಳಿದ ಕಾವಲುಗಳೆಲ್ಲ ತಾವೂ ತಲೆ ಬಡಿದು ಮುಂದಿನವರಿಗೆ ಸುದ್ದಿ ಮುಟ್ಟಿಸುತ್ತಿದ್ದವು.

ಹತ್ತಿರದಲ್ಲೇ ಒಂದು ಗೊದ್ದ, ಅಂದರೆ ದೊಡ್ಡ ಕಪ್ಪಿರುವೆ, ವಾಸವಾಗಿತ್ತು. ಗೆದ್ದಲಿನ ಮರಿ ತಿನ್ನುವುದೆಂದರೆ ಅದಕ್ಕೆ ಪ್ರಾಣ. ಅದು ಒಂದು ಉಪಾಯ ಹೂಡಿತು. ಹುತ್ತಕ್ಕೆ ಹೊಸದಾಗಿ ಮೆತ್ತಿದ್ದ ಹಸಿಮಣ್ಣಿನಲ್ಲಿ ಹೊರಳಾಡಿ ಮೈತುಂಬ ಬಳಿದುಕೊಂಡಿತು. ಹಾಗೇ ಒಳಗೆ ನಡೆಯಿತು. ಕಾವಲುಗಳು ಮೂಸಿದವು. ಮನೆಯ ವಾಸನೆ! ದಾರಿ ಬಿಟ್ಟವು. ಮರಿಗಳ ಒಂದು ಕೋಣೆ ಪೂರ್ತಿ ಬರಿದಾದ ಮೇಲೆಯೇ ಊರಿಗೆ ಗೊತ್ತಾದದ್ದು.

ಕಾವಲಿನ ದಳವಾಯಿ ಕೊಡತಿ ಸಿಟ್ಟಿನಿಂದ ಅಪ್ಪಣೆ ಮಾಡಿತು. "ಕಳ್ಳ ನಮ್ಮ ಗೋಡೆಯ ವಾಸನೆ ಹೊದ್ದು ಬಂದಿದ್ದಾನೆ. ಇನ್ನು ಹಸಿಮಣ್ಣಿನ ವಾಸನೆ ಎಲ್ಲಿ ಬಂದರೂ ಸರಿ, ಯಾರು, ಏನು ಎಂದು ಕೇಳಬೇಡಿ. ಕಚ್ಚಿ!"

ಗೊದ್ದ ಮತ್ತೆ ಬಂತು. ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಬಳಿದುಕೊಂಡು ಬಂದಿತ್ತು. ಒಳಗಿನ ಪದರ ಒಣಗಿ ಕೀಲುಗಳನ್ನು ಬಿಗಿದಿತ್ತು. ಕಾವಲುಗಳು ಮುತ್ತಿದಾಗ ಓಡೋಣವೆಂದರೆ ಕಾಲು ಮಡಚಲೇ ಇಲ್ಲ. ಮೊದಲು ಕಚ್ಚಿದ್ದು ಚಿಮಟ. ಗೊದ್ದದ ಜಾಣತನ ಗೊದ್ದದ ಜೊತೆಗೇ ಸತ್ತಿತು.

ಊರು ಉಸ್ಸೆಂದು ಉಸಿರುಬಿಟ್ಟಿತು. ಆದರೆ ಕೊಡತಿ ತನ್ನ ಅಪ್ಪಣೆಯನ್ನು ಹಿಂದಕ್ಕೆ ಪಡೆಯಲಿಲ್ಲ. ಹಿಂದಕ್ಕೆ ಪಡೆ ಎಂದು ಯಾರೂ ಕೇಳಲೂ ಇಲ್ಲ.

ಒಂದು ದಿನ ಬಡಗಣ ಸುರಂಗದಲ್ಲಿ ಕೆಲಸದ ಗೆದ್ದಲುಗಳು ಬಿರುಕಿಗೆ ಮಣ್ಣು ಮೆತ್ತಿ ಹೋದವು. ಆ ದಾರಿಯಲ್ಲಿ ಬಂದ ಕಾವಲೊಂದರ ಮೀಸೆಗೆ ಹಸಿಮಣ್ಣಿನ ವಾಸನೆ ತಾಗಿತು. ಅದು ಗೋಡೆಯನ್ನು ಕಚ್ಚಿತು. ತಲೆ ಬಡಿಯಿತು. ಟಕ್ ಟಕ್ ಟಕ್.

ಚಿಮಟ ಓಡಿಬಂತು. ಶತ್ರುವಿನ ವಾಸನೆ ಎಡದಿಂದಲೂ ಬಂತು, ಬಲದಿಂದಲೂ ಬಂತು, ತಲೆಯ ಮೇಲಿಂದಲೂ ಬಂತು. ಅದೂ ಕಚ್ಚಿತು. ಬಾಯಿಗೆ ಬರೀ ಮಣ್ಣು ಸಿಕ್ಕಿತು. ಯಾರೂ ಕೂಗಲಿಲ್ಲ. ಹೆಣ ಬೀಳಲಿಲ್ಲ.

"ದಳವಾಯಿ, ಅವನೆಲ್ಲಿ?" ಎಂದು ಅಲ್ಲಿಗೆ ಬಂದ ಕೊಡತಿಯನ್ನು ಚಿಮಟ ಕೇಳಿತು.

"ಇಲ್ಲೇ ಇದ್ದಾನೆ. ವಾಸನೆ ಬರುತ್ತಿಲ್ಲವೇ?" ಎಂದಿತು ಕೊಡತಿ. "ಅಗೋ ಕೇಳು. ತೆಂಕಣದವರೂ ಬಡಿಯುತ್ತಿದ್ದಾರೆ. ಅಲ್ಲಿಗೂ ಬಂದಿದ್ದಾನೆ."

ಚಿಮಟ ಗೋಡೆಗೆ ತಲೆಯಿಟ್ಟಿತು. ಮಣ್ಣಿನ ಆಳದಿಂದ ಸದ್ದು ಬರುತ್ತಿತ್ತು. ಟಕ್ ಟಕ್ ಟಕ್. ಚಿಮಟವೂ ಬಡಿಯಿತು.

ಆಮೇಲೆ ಆ ಸದ್ದು ನಿಲ್ಲಲೇ ಇಲ್ಲ.

ಕಾವಲುಗಳು ಕಚ್ಚಿದ ಗೋಡೆಯನ್ನು ಸರಿಮಾಡಲು ಕೆಲಸದ ಗೆದ್ದಲುಗಳು ಇನ್ನಷ್ಟು ಮಣ್ಣು ತಂದು ಮೆತ್ತಿದವು. ಮಣ್ಣು ಹೆಚ್ಚಿದಷ್ಟೂ ವಾಸನೆ ಹೆಚ್ಚಿತು. ವಾಸನೆ ಹೆಚ್ಚಿದಷ್ಟೂ ಕಾವಲುಗಳು ಕಚ್ಚಿದವು. ಗೋಡೆಗಳು ಒದ್ದೆಯಾಗಿ ಊದಿಕೊಂಡವು. ಕೆಲವು ಕಡೆ ತೂತುಬಿದ್ದು ಮಣ್ಣಿನೊಳಗಿನ ನೀರು ಜಿನುಗಿತು. ಇಬ್ಬರು ನಡೆಯುತ್ತಿದ್ದ ದಾರಿಯಲ್ಲಿ ಒಬ್ಬರು ನುಸುಳುವುದೂ ಕಷ್ಟವಾಯಿತು. ಬಡಗಣದ ಮರಿಗಳಿಗೆ ಅನ್ನ ಹೋಗುವುದು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಆ ಕಡೆಯಿಂದ ಕೇಳುತ್ತಿದ್ದ ಮರಿಗಳ ಸರಬರ ಸದ್ದು ಸಣ್ಣಗಾಗುತ್ತ ಬಂತು.

ಒಮ್ಮೆ ಇಕ್ಕಟ್ಟಿನ ದಾರಿಯಲ್ಲಿ ಚಿಮಟದ ಎದುರಿಗೆ ಯಾವುದೋ ಮೈ ತಾಗಿತು. ಹಸಿಮಣ್ಣಿನ ವಾಸನೆ! ಚಿಮಟ ಕೋರೆ ಬಿಗಿಯಿತು. ಕಟಕ್ಕೆಂದು ಒಂದು ಕಾಲು ಮುರಿಯಿತು.

"ಮಗಾ, ನಾನು ಕಣೋ," ಎಂದಿತು ಕತ್ತಲೊಳಗಿನ ದನಿ. "ನಿನಗೆ ತುತ್ತು ತಂದಿದ್ದೆ."

ಮಣ್ಣಜ್ಜಿ! ಚಿಮಟದ ಕೋರೆ ಸಡಿಲಿತು. ಕಿವಿ 'ಇದು ಅಜ್ಜಿ' ಎನ್ನುತ್ತಿತ್ತು, ಮೀಸೆ 'ಶತ್ರು, ಕಚ್ಚು' ಎನ್ನುತ್ತಿತ್ತು. ಅದಕ್ಕೆ ತನ್ನ ಮೀಸೆಯ ಮೇಲೇ ಹೆದರಿಕೆ ಹುಟ್ಟಿತು. ಹಿಂದಕ್ಕೆ ಸರಿದು ಸರಿದು ಗೋಡೆಗೆ ಒರಗಿತು. ಗೋಡೆಯೊಳಗೆ ಅದೇ ಸದ್ದು. ಟಕ್ ಟಕ್ ಟಕ್. ಈ ಸಲ ಚಿಮಟ ತಿರುಗಿ ಬಡಿಯಲಿಲ್ಲ. ಸದ್ದು ಬಂದ ದಿಕ್ಕಿಗೆ ಹೊರಟಿತು.

ಊದಿದ ಸುರಂಗಗಳಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ತೆಂಕಣದ ಕೊನೆ ಮುಟ್ಟಿತು. ಅಲ್ಲಿ ಒಂಟಿ ಕಾವಲೊಂದು ತಲೆ ಬಡಿಯುತ್ತಿತ್ತು. ಬಡಿದು ಬಡಿದು ಅದರ ನೆತ್ತಿ ಬಿರಿದಿತ್ತು.

"ಶತ್ರು ನಿನಗೆ ಸಿಕ್ಕಿದನೇ?" ಎಂದಿತು ಚಿಮಟ.

"ನನಗೆಲ್ಲಿ ಸಿಕ್ಕಿದ? ಬಡಗಣದಲ್ಲಿ ನೀವು ಬಡಿದಿರಿ, ಅದಕ್ಕೆ ನಾನು ಬಡಿದೆ."

"ಅಯ್ಯೋ! ನೀನು ಬಡಿದೆ ಅಂತ ನಾವು ಬಡಿಯುತ್ತಿದ್ದೇವೆ!"

ಆ ಕಾವಲು ತಲೆ ಬಡಿಯುವುದನ್ನು ನಿಲ್ಲಿಸಿತು. ಊರಿನ ತುಂಬ ಕೋರೆಗಳು ಮಣ್ಣು ಕಚ್ಚುವ ಸದ್ದು ಮಾತ್ರ ಕೇಳುತ್ತಿತ್ತು.

ಚಿಮಟ ನೇರವಾಗಿ ಕೆಲಸದ ಗೆದ್ದಲುಗಳ ಬಳಿಗೆ ಬಂತು. "ಇನ್ನು ಸ್ವಲ್ಪ ದಿನ ಕಾವಲಿನವರ ಬಾಯಿಗೆ ತುತ್ತು ಹಾಕಬೇಡಿ," ಎಂದಿತು. "ನನಗೂ ಬೇಡ. ಕಚ್ಚುವ ಶಕ್ತಿ ಇಳಿಯಲಿ."

"ನೀವು ಸೊರಗಿರುವಾಗ ನಿಜವಾದ ಶತ್ರು ಬಂದರೆ?" ಎಂದು ಅವು ಕೇಳಿದವು.

"ಬಂದರೆ ಬರುತ್ತಾನೆ. ಆ ಭಯ ನನಗೂ ಇದೆ. ಆದರೆ ಈಗ ಊರನ್ನು ತಿನ್ನುತ್ತಿರುವವರು ನಾವೇ."

ಮಣ್ಣಜ್ಜಿ ಕುಂಟುತ್ತ ಮುಂದೆ ಬಂತು. ಚಿಮಟದ ಬಾಯಿ ಸವರಿತು. ತುತ್ತು ಹಾಕದೆ ಹಿಂದಿರುಗಿತು.

ಕಾವಲುಗಳು ಹಸಿದವು. ಕೊಡತಿ ಬೈಯಿತು, ಶಪಿಸಿತು. ಯಾರೂ ತುತ್ತು ಕೊಡಲಿಲ್ಲ. ಕೋರೆಗಳು ನಿಧಾನವಾದವು. ಒಂದೊಂದೇ ತಲೆ ಬಡಿಯುವುದನ್ನು ನಿಲ್ಲಿಸಿತು. ಹುತ್ತದೊಳಗೆ ಎಷ್ಟೋ ಕಾಲದ ಮೇಲೆ ಮೌನ ಇಳಿಯಿತು. ಒದ್ದೆ ಗೋಡೆಗಳು ಆರತೊಡಗಿದವು, ಊತ ಇಳಿಯಿತು, ದಾರಿಗಳು ಬಿಚ್ಚಿಕೊಂಡವು.

ನಿತ್ರಾಣವಾಗಿ ಬಿದ್ದಿದ್ದ ಕೊಡತಿ ತಲೆಯೆತ್ತಿತು. "ಸದ್ದು ನಿಂತಿತಲ್ಲ. ಶತ್ರು ಹೋದನೇ?"

"ಅವನು ಎಂದೋ ಸತ್ತಿದ್ದ, ದಳವಾಯಿ," ಎಂದಿತು ಚಿಮಟ. "ಆಮೇಲೆ ಯಾರೂ ಬಂದೇ ಇರಲಿಲ್ಲ."

ಕೊಡತಿ ಮೀಸೆಯನ್ನು ಮೆಲ್ಲಗೆ ಗೋಡೆಗೆ ತಾಗಿಸಿ ಬಹಳ ಹೊತ್ತು ಮೂಸುತ್ತ ಕುಳಿತಿತು.

ಕೆಲಸದ ಗೆದ್ದಲುಗಳು ಮುಚ್ಚಿಹೋದ ಬಡಗಣ ಸುರಂಗವನ್ನು ಕೊರೆದು ತೆರೆದವು. ಚಿಮಟವೇ ಮೊದಲು ಒಳಗೆ ಹೋಯಿತು. ಕೋಣೆ ತಣ್ಣಗಿತ್ತು. ಮರಿಗಳು ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಒಂದನ್ನು ಮುಟ್ಟಿತು. ಇನ್ನೊಂದನ್ನು ಮುಟ್ಟಿತು. ಯಾವುದೂ ಮಿಸುಕಲಿಲ್ಲ. ಚಿಮಟ ಹೊರಗೆ ಬಂದು ದಾರಿಗೆ ಅಡ್ಡವಾಗಿ ನಿಂತಿತು. ಮರಿಗಳಿಗೆ ತುತ್ತು ತಂದಿದ್ದ ಮಣ್ಣಜ್ಜಿಗೆ ಆ ತಣ್ಣನೆಯ ಮೈಗಳು ತಾಗಬಾರದೆಂದು ಅದನ್ನು ಮಾತ್ರ ಒಳಗೆ ಬಿಡಲಿಲ್ಲ.

ನೀತಿ: ಶತ್ರುವನ್ನು ಗುರುತಿಸಿದರೆ ಸಾಲದು, ನಮ್ಮವರನ್ನೂ ಗುರುತಿಸಬೇಕು; ನಿಲ್ಲುವುದನ್ನು ಅರಿಯದ ಕಾವಲು ತಾನು ಕಾಯುವ ಮನೆಯನ್ನೇ ಕೆಡವುತ್ತದೆ.