ಹೆಗಲನ್ನು ಕೇಳು

"ಆಳುವವನನ್ನು ಊರೆಲ್ಲ ಆಡಿಕೊಂಡು ನಗುತ್ತಿದೆಯಲ್ಲ ತಾಯೀ, ಜನರ ಬಾಯಿಗೆ ಇಷ್ಟು ಸದರ ಕೊಟ್ಟರೆ ರಾಜ್ಯ ನಿಂತೀತೇ?" ಎಂದು ಶಿಷ್ಯ ಕೇಳಿದ.

ಗುರುತಾಯಿ ಹೇಳಿದರು:

ಒಬ್ಬ ಪಾಳೆಯಗಾರನಿದ್ದ. ಅವನ ಮಗಳ ಮದುವೆ ಗುಡ್ಡದಾಚೆ, ಗಂಡಿನ ಊರಿನಲ್ಲಿ. ಮನೆಯವರೆಲ್ಲ ಮೊದಲೇ ಹೋಗಿದ್ದರು. ಧಾರೆಯ ಹೊತ್ತಿಗೆ ತಂದೆ ಮುಟ್ಟಬೇಕು. ಬೆಳಗಾಗುತ್ತಲೇ ಪಲ್ಲಕ್ಕಿ ಏರಿದ.

ಹೊರುವವರು ನಾಲ್ವರು. ಮುಂದಿನವನು ಹಾಡು ಎತ್ತುವನು, ಉಳಿದವರು ಸೊಲ್ಲು ಕೂಡಿಸುವರು. ವರ್ಷಗಟ್ಟಲೆ ಪಾಳೆಯಗಾರ ಆ ಹಾಡಿಗೆ ಹಾಯಾಗಿ ತೂಕಡಿಸಿದ್ದ. ಅಂದು ಮದುವೆಯ ಚಿಂತೆಗೆ ನಿದ್ದೆ ಹತ್ತಲಿಲ್ಲ. ಹಾಡಿನ ಮಾತು ಕಿವಿಗೆ ಬಿತ್ತು.

"ನಿನ್ನೆ ಒಡೆಯ ಉಂಡ ಹೋಳಿಗೆ ಎಷ್ಟು?"

"ಹೆಗಲನ್ನು ಕೇಳು, ಹೆಗಲನ್ನು ಕೇಳು."

ಅವನು ಕೆಂಡವಾದ. "ಬಾಯಿ ಮುಚ್ಚಿ ನಡೆಯಿರಿ" ಎಂದ. ಬಾಯಿ ಮುಚ್ಚಿದೊಡನೆ ಪಲ್ಲಕ್ಕಿ ವಾಲಿತು. ಒಬ್ಬನ ಹೆಜ್ಜೆ ಎದ್ದರೆ ಇನ್ನೊಬ್ಬನದು ಬಿತ್ತು. ಒಡೆಯನ ತಲೆ ದಂಡಿಗೆಗೆ ಬಡಿದು ಪೇಟ ದಾರಿಗೆ ಉರುಳಿತು.

"ಬೇಕೆಂದೇ ಕುಲುಕುತ್ತಿದ್ದೀರಿ."

"ಇಲ್ಲ ಬುದ್ಧೀ. ನಮ್ಮ ಕಾಲಿಗೆ ಕಣ್ಣಿಲ್ಲ, ಕಿವಿ ಮಾತ್ರ" ಎಂದ ಮುಂದಿನವನು.

"ಹಾಗಿದ್ದರೆ ನನ್ನನ್ನು ಹೊಗಳಿ ಹಾಡಿ."

ಪಾಪ, ಹೊಗಳಿದರು. ಹೊಗಳಿಕೆ ಕೂತು ಹಾಡುವವರ ಕಸುಬು. ಬಿರುದುಗಳು ಉದ್ದ, ಏರಿನಲ್ಲಿ ಉಸಿರು ಗಿಡ್ಡ. ಮೂರನೆಯ ಬಿರುದಿಗೆ ಪಲ್ಲಕ್ಕಿ ಮುಳ್ಳಿನ ಪೊದೆಗೆ ನುಗ್ಗಿತ್ತು.

ಆಗ ಗುಡ್ಡದಾಚೆಯಿಂದ ವಾಲಗದ ಸದ್ದು ಬಂತು. ಪಾಳೆಯಗಾರ ಒಳಗೆ ಕೂತೇ ಮುಳ್ಳು ಕಿತ್ತುಕೊಳ್ಳುತ್ತ ಹೇಳಿದ:

"ಹೋಳಿಗೆಯ ಹಾಡೇ ಆಗಲಿ ಕಣ್ರಯ್ಯ. ಮಗಳು ಕಾಯುತ್ತಿದ್ದಾಳೆ."

ಹಾಡು ಎದ್ದಿತು. ಪಲ್ಲಕ್ಕಿ ತುಂಬಿದ ಕೊಡದಂತೆ ತುಳುಕದೆ ಸಾಗಿತು. ಇಳಿಜಾರಿನಲ್ಲಿ ಮುಂದಿನವನು ಮತ್ತೆ ಎತ್ತಿದ: "ನಿನ್ನೆ ಒಡೆಯ ಉಂಡ ಹೋಳಿಗೆ ಎಷ್ಟು?"

ಪರದೆಯಿಂದ ತಲೆ ಹೊರಹಾಕಿ ಒಡೆಯನೇ ಕೂಗಿದ: "ಒಂಬತ್ತು."

"ಹನ್ನೊಂದು ಬುದ್ಧೀ" ಎಂದಿತು ಹಿಂದಿನ ಹೆಗಲು.

ಐವರೂ ನಕ್ಕರು. ಹೆಜ್ಜೆ ತಪ್ಪಲಿಲ್ಲ. ಧಾರೆಯೂ ತಪ್ಪಲಿಲ್ಲ. ಮದುವೆಮನೆಯಲ್ಲಿ ಆ ಹಾಡನ್ನು ಬೀಗರಿಗೆ ಕಲಿಸಿದವನು ಪಾಳೆಯಗಾರನೇ ಅಂತೆ.

ಶಿಷ್ಯನೂ ಹೊಟ್ಟೆತುಂಬ ನಕ್ಕ. "ತಿಳಿಯಿತು ತಾಯೀ. ಆಡಿಕೊಳ್ಳಲು ಆಳುವವನು ಜನರಿಗೆ ಅಪ್ಪಣೆ ಕೊಡಬೇಕು."

"ಅಪ್ಪಣೆ ಕೊಡುವಾಗ ಅವನು ಕೂತಿದ್ದು ಯಾರ ಹೆಗಲ ಮೇಲೆ, ಮಗನೇ?" ಎಂದರು ಗುರುತಾಯಿ.