ಗೆರೆ ದಾಟಿದ ಹಿಮ್ಮಡಿ

"ಬುದ್ಧಿ, ಎಚ್‌ಡಿ ಟಿವಿಯಲ್ಲಿ ಚಿತ್ರ ನಿಜವಾಗಿಯೂ ಹೆಚ್ಚು ಚೆನ್ನಾಗಿ ಕಾಣುತ್ತದೆಯೇ? ಅಥವಾ ಅದೆಲ್ಲ ಅಂಗಡಿಯವರು ಹೇಳುವ ಮಾತೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುತ್ತಿದ್ದವನು. ಊಟದ ಮನೆಯ ಹಳೆಯ ಟಿವಿ ಕೆಟ್ಟುಹೋಗಿತ್ತು. ಹೊಸದನ್ನು ಕೊಡಿಸಲು ಭಕ್ತರೊಬ್ಬರು ಒಪ್ಪಿದ್ದರು. ಹುಡುಗರು ಎಚ್‌ಡಿಯೇ ಆಗಬೇಕು ಎಂದು ಹಟ ಹಿಡಿದಿದ್ದರು. ಅಡುಗೆಯವರು ಎರಡೂ ಒಂದೇ, ಸುಮ್ಮನಿರಿ ಎನ್ನುತ್ತಿದ್ದರು.

ಗುರುಗಳು ನಕ್ಕರು. "ಇಷ್ಟು ಹೊತ್ತು ತಲೆ ಕೆರೆದುಕೊಂಡು ನಿಂತಿದ್ದೆಯಲ್ಲ, ಧ್ಯಾನದ ಬಗ್ಗೆ ಏನೋ ಕೇಳುತ್ತೀಯೆ ಅಂದುಕೊಂಡೆ. ಇರಲಿ, ಇದೂ ಕೇಳಬೇಕಾದ ಪ್ರಶ್ನೆಯೇ. ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡ." ಹೀಗೆಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಆಲೆಮನೆಯವನಿದ್ದ. ಕಬ್ಬು ಅರೆದು ಬೆಲ್ಲ ಮಾಡುವವನು. ಅವನ ಹೆಸರು ಕಟ್ಟಿಕೊಂಡು ನಿನಗೇನಾಗಬೇಕು, ಆಲೆಮನೆಯವನು ಅಂದರೆ ಸಾಕು. ಅವನ ಮಗಳ ಹೆಸರು ಮಾತ್ರ ಗೊತ್ತಿರಲಿ. ಜಯಶೀಲಾ.

ಆಲೆಮನೆಯವನು ಹರೆಯದಲ್ಲಿ ಕಬಡ್ಡಿ ಆಡಿದವನು. ಸುತ್ತಮುತ್ತ ಅವನಿಗೆ ಹೆಸರಿತ್ತು. ಆ ಸೀಮೆಯ ಆಟದಲ್ಲಿ ಒಂದು ರೂಢಿ. ಮುಟ್ಟಿಸಿಕೊಂಡವನು, ಗೆರೆ ದಾಟಿದವನು, ಅಂಪೈರು ನೋಡಲಿ ಬಿಡಲಿ, ತಾನೇ ಕೈ ಎತ್ತಿ ಹೊರಗೆ ನಡೆಯಬೇಕು. ಕೈ ಎತ್ತದೆ ನಿಂತವನನ್ನು ಮರುದಿನ ಯಾರೂ ಆಟಕ್ಕೆ ಕರೆಯುತ್ತಿರಲಿಲ್ಲ. ಮಗಳಿಗೆ ಉಸಿರು ಕಟ್ಟುವುದನ್ನು ಕಲಿಸಿದವನು ಈ ಅಪ್ಪ. ಕೈ ಎತ್ತುವುದನ್ನು ಕಲಿಸಿದವನೂ ಈ ಅಪ್ಪನೇ.

ಹುಡುಗಿ ಅಪ್ಪನನ್ನೂ ಮೀರಿಸಿದಳು. ಜಿಲ್ಲೆಗೆ ಆಡಿದಳು, ಆಮೇಲೆ ರಾಜ್ಯದ ತಂಡಕ್ಕೆ ಸೇರಿದಳು. ದೂರದ ಊರೊಂದರಲ್ಲಿ ದೊಡ್ಡ ಪಂದ್ಯಾವಳಿ ನಡೆಯಿತು. ಇವಳ ತಂಡ ಫೈನಲ್ ತಲುಪಿತು. ಫೈನಲ್ಲನ್ನು ಟಿವಿಯಲ್ಲಿ ತೋರಿಸುತ್ತಾರೆ ಎಂದು ಸುದ್ದಿ ಬಂತು.

ಆಲೆಮನೆಯವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪೇಟೆಗೆ ಹೋಗಿ ಅಂಗಡಿಯಲ್ಲಿದ್ದವುಗಳಲ್ಲೇ ದೊಡ್ಡ ಎಚ್‌ಡಿ ಟಿವಿಯನ್ನು ಹೊರಿಸಿಕೊಂಡು ಬಂದ. ಹಳೆಯದನ್ನು ಇಳಿಸಿ ಹೊಸದನ್ನು ಗೋಡೆಗೆ ಹಾಕಿಸಿದ. ಚಾನೆಲ್ ಹಿಡಿಯುವ ಹಳೆಯ ಬಾಕ್ಸನ್ನೇ ಅದಕ್ಕೆ ಸಿಕ್ಕಿಸಿದ. ಚಿತ್ರ ಗೋಡೆಯ ತುಂಬ ಬಂತು. ಬೀದಿಯವರೆಲ್ಲ ಬಂದು ನೋಡಿದರು.

"ಎಚ್‌ಡಿ ಕಣ್ರಯ್ಯಾ! ಸೊಳ್ಳೆ ಕೂತ್ರೂ ಅದರ ಕಾಲು ಎಣಿಸಬೈದು," ಎಂದು ಅವನು ಬಂದವರಿಗೆಲ್ಲ ಹೇಳಿದ. ಬಂದವರು ಹೌದು ಹೌದು ಎಂದರು. ದೊಡ್ಡದಾಗಿ ಕಂಡಿದ್ದನ್ನು ಚೆನ್ನಾಗಿ ಕಂಡಿತು ಅಂದುಕೊಂಡರು. ನಗಬೇಡ, ನೀನಿದ್ದರೂ ಹಾಗೇ ಅನ್ನುತ್ತಿದ್ದೆ.

ಪಂದ್ಯದ ದಿನ ಅವನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಲೆಮನೆಯಲ್ಲಿ ಒಲೆಗೆ ಉರಿ ಹಾಕುವವನೂ ಕೆಲಸ ಬಿಟ್ಟು ಬಂದು ಕೂತಿದ್ದ. ಆಟ ಕೊನೆಯವರೆಗೂ ಸಮಸಮ ನಡೆಯಿತು. ಕೊನೆಯ ರೇಡ್ ಬಂದಾಗ ಜಯಶೀಲಾಳ ತಂಡ ಒಂದೇ ಪಾಯಿಂಟ್ ಹಿಂದಿತ್ತು. ರೇಡಿಗೆ ಹೋದವಳು ಅವಳೇ. ಎದುರಾಳಿಗಳು ಅವಳನ್ನು ಅಂಚಿಗೆ ಒತ್ತಿದರು. ಅವಳು ಅಂಚಿನ ಗೆರೆಯ ಪಕ್ಕದಲ್ಲೇ ತಿರುಗಿದಳು, ಒಳಗೆ ನುಗ್ಗಿದಳು, ಇಬ್ಬರನ್ನು ಮುಟ್ಟಿದಳು, ಹಾರಿ ತನ್ನ ಕಡೆಗೆ ಬಂದು ಬಿದ್ದಳು. ಅಂಪೈರು ಎರಡು ಬೆರಳು ತೋರಿಸಿದ. ಗೆದ್ದಂತಾಯಿತು. ಆಲೆಮನೆಯವನು ಎದ್ದು ನಿಂತು ಸಿಳ್ಳೆ ಹಾಕಿದ.

ಆಗ ಜಯಶೀಲಾ ನೆಲದಿಂದ ಎದ್ದು ಕೈ ಎತ್ತಿದಳು.

ಅಂಪೈರಿನ ಹತ್ತಿರ ಹೋದಳು. ಯಾರನ್ನೂ ಮುಟ್ಟುವ ಮೊದಲೇ ತನ್ನ ಹಿಮ್ಮಡಿ ಅಂಚಿನ ಗೆರೆಯಾಚೆ ನೆಲ ಮುಟ್ಟಿತು ಎಂದು ಹೇಳಿದಳು. ಅಂಪೈರು ಕೊಟ್ಟ ಪಾಯಿಂಟನ್ನು ವಾಪಸ್ ತೆಗೆದುಕೊಂಡ. ಅವಳ ತಂಡ ಸೋತಿತು. ಟಿವಿಯವರು ಆ ಹೆಜ್ಜೆಯನ್ನು ನಿಧಾನ ಮಾಡಿ ಮತ್ತೊಮ್ಮೆ ತೋರಿಸಿದರು. ಆಲೆಮನೆಯವನು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಕಾಲು ಗೆರೆಯ ಒಳಗೇ ಇದೆ ಅನ್ನಿಸಿತು. ಬೀದಿಯವರಿಗೂ ಹಾಗೇ ಅನ್ನಿಸಿತು.

ಮನುಷ್ಯರ ಬಾಯಿ ನಿನಗೆ ಗೊತ್ತಲ್ಲ. ಹುಡುಗಿಗೆ ಪುಕ್ಕಲು ಎಂದು ಒಬ್ಬರು ಅಂದರು. ತಲೆ ಕೆಟ್ಟಿದೆ ಎಂದು ಇನ್ನೊಬ್ಬರು ಅಂದರು. ಆಚೆ ತಂಡದವರ ಜೊತೆ ಮೊದಲೇ ಮಾತಾಗಿತ್ತು, ಬೇಕೆಂದೇ ಸೋತಳು ಎಂದೂ ಒಬ್ಬ ಅಂದ. ಥೂ! ಆಲೆಮನೆಯವನು ಅದನ್ನು ಕೇಳಿಸಿಕೊಂಡ. ಅಂದವನ ಕೊರಳಪಟ್ಟಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಮಗಳು ಬರುವ ದಾರಿಯನ್ನು ಕಾಯುತ್ತಾ ಜಗಲಿಯಲ್ಲಿ ಕೂತ.

ಅವಳು ಬ್ಯಾಗು ಹೊತ್ತು ಮನೆಗೆ ಬಂದಳು. ಅವನು ನೀರೂ ಕೊಡಲಿಲ್ಲ.

"ಯಾಕವ್ವಾ ಕೈ ಎತ್ತಿದೆ? ಕಾಲು ಒಳಗೇ ಇತ್ತು. ಎಚ್‌ಡಿಲಿ ನೋಡಿವ್ನಿ ನಾನು, ಊರೇ ನೋಡ್ಯದೆ!"

"ದಾಟಿತ್ತು ಕಣಪ್ಪಾ. ನನ್ನ ಕಾಲು ನಂಗೆ ಗೊತ್ತಾಗಕಿಲ್ವಾ?"

"ನನ್ನ ಕಣ್ಣು ಸುಳ್ಳಾ ಹಂಗಾರೆ?" ಎಂದು ಅವನು ಕೂಗಿದ. ಇನ್ನು ಮೇಲೆ ನನ್ನ ಮನೆಯಿಂದ ಯಾರೂ ಆಟಕ್ಕೆ ಹೋಗುವ ಹಾಗಿಲ್ಲ ಎಂದ. ದೇಶದ ತಂಡಕ್ಕೆ ಆಯ್ಕೆ ಮಾಡುವ ಶಿಬಿರಕ್ಕೆ ಅವಳಿಗೆ ಕರೆ ಬಂದಿತ್ತು. ಅದಕ್ಕೂ ಹೋಗಕೂಡದು ಎಂದ. ಅವಳು ಕಣ್ಣೀರು ಹಾಕಲಿಲ್ಲ, ಕಾಲು ಹಿಡಿಯಲಿಲ್ಲ, ಇನ್ನೊಂದು ಸಲ ದಾಟಿತ್ತು ಎಂದು ಹೇಳಲೂ ಇಲ್ಲ. ಒಂದು ಸಲ ಹೇಳಿಯಾಗಿತ್ತು. ಬೆಳಿಗ್ಗೆ ಎದ್ದು ಕಬ್ಬಿನ ಗದ್ದೆಯ ಬದುವಿನ ಮೇಲೆ ಓಡುವುದನ್ನು ಮಾತ್ರ ಬಿಡಲಿಲ್ಲ. ಮರಿ, ಆ ಹುಡುಗಿಯ ವಿಷಯ ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಸನ್ಯಾಸಿಗೆ ಹೆಮ್ಮೆ ಕೂಡದು ಅನ್ನುತ್ತಾರೆ. ಅನ್ನಲಿ ಬಿಡು.

ಶಿಬಿರದ ದಿನ ಹತ್ತಿರ ಬರುತ್ತಿತ್ತು. ಅಪ್ಪ ಮಗಳ ನಡುವೆ ಮಾತು ನಿಂತುಹೋಗಿತ್ತು. ಒಂದು ದಿನ ಆಲೆಮನೆಯವನು ಬೆಲ್ಲ ಮಾರಲು ಪೇಟೆಗೆ ಹೋದ. ಟಿವಿ ಕೊಟ್ಟ ವ್ಯಾಪಾರಿ ಅವನನ್ನು ಕಂಡು ಕರೆದು ಕೂರಿಸಿದ, ಟಿವಿ ಹೇಗಿದೆ ಎಂದು ಕೇಳಿದ.

"ಟಿವಿಗೇನು, ಬಂಗಾರದಂಥ ಟಿವಿ. ಮಗಳೇ ಮಾನ ಕಳೆದ್ಲು," ಎಂದು ಆಲೆಮನೆಯವನು ನಡೆದದ್ದನ್ನೆಲ್ಲ ಹೇಳಿದ. ಎಚ್‌ಡಿಯಲ್ಲಿ ತಾನೇ ನೋಡಿದ್ದೇನೆ ಎಂದು ಎರಡೆರಡು ಸಲ ಹೇಳಿದ.

ವ್ಯಾಪಾರಿ ಕೇಳಿಸಿಕೊಂಡು, "ಯಜಮಾನ್ರೇ, ಬಾಕ್ಸ್ ಯಾವುದು ಹಾಕಿದೀರಿ?" ಎಂದ.

"ಯಾವುದು ಅಂದ್ರೆ? ಮನೇಲಿದ್ದದ್ದೇ."

"ಅಯ್ಯೋ ದೇವರೇ! ಹಂಗಾದ್ರೆ ನೀವು ನೋಡಿದ್ದು ಎಚ್‌ಡಿನೇ ಅಲ್ಲ. ಟಿವಿ ಎಚ್‌ಡಿ ಆದ್ರೆ ಸಾಲದು, ಬಾಕ್ಸೂ ಆಗ್ಬೇಕು, ಚಾನೆಲ್ಲೂ ಆಗ್ಬೇಕು. ಹಳೇ ಚಿತ್ರವನ್ನೇ ಎಳೆದು ಅಗಲ ಮಾಡ್ಕೊಂಡು ನೋಡಿದೀರಿ."

ಆಲೆಮನೆಯವನಿಗೆ ಸಿಟ್ಟು ಬಂತು. ನನಗೇ ಟೋಪಿ ಹಾಕುತ್ತೀಯಾ ಎಂದು ಎದ್ದು ನಿಂತ. ವ್ಯಾಪಾರಿ ವಾದ ಮಾಡಲಿಲ್ಲ. ಆ ಫೈನಲ್ಲನ್ನು ಅದೇ ಸಂಜೆ ಮರುಪ್ರಸಾರ ಮಾಡುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಎಚ್‌ಡಿ ಬಾಕ್ಸೊಂದನ್ನು ಹಿಡಿದು ಅವನ ಜೊತೆಗೇ ಊರಿಗೆ ಹೊರಟ. ತಾನು ಮಾರಿದ ಟಿವಿಯ ಮರ್ಯಾದೆ ಅವನಿಗೂ ಮುಖ್ಯವಾಗಿತ್ತು.

ಸಂಜೆ ಬಾಕ್ಸ್ ಜೋಡಿಸಿದರು. ಆಲೆಮನೆಯವನು ಬೀದಿಯವರನ್ನೂ ಕರೆಸಿದ. ವ್ಯಾಪಾರಿಯ ಮಾತು ಸುಳ್ಳು ಎಂದು ಎಲ್ಲರ ಎದುರಿಗೇ ತೋರಿಸಬೇಕೆಂಬ ಛಲ ಅವನಿಗೆ. ಜಯಶೀಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕೊನೆಯ ರೇಡ್ ಬಂತು. ನಿಧಾನ ಮಾಡಿ ತೋರಿಸುವ ಹೊತ್ತಿಗೆ ವ್ಯಾಪಾರಿ ಸಾದಾ ಚಾನೆಲ್ ಹಾಕಿದ. ಕಾಲು, ಗೆರೆ, ನೆಲ ಎಲ್ಲವೂ ಕಲಸಿದ ಹಿಟ್ಟಿನಂತೆ ಒಂದಾಗಿದ್ದವು. ಅಲ್ಲಿ ಯಾರು ಏನು ಬೇಕಾದರೂ ಕಾಣಬಹುದಿತ್ತು. ಟಿವಿಯವರು ಅದನ್ನು ಇನ್ನೊಂದು ಸಲ ತೋರಿಸಿದರು. ಅಷ್ಟರಲ್ಲಿ ವ್ಯಾಪಾರಿ ಎಚ್‌ಡಿ ಚಾನೆಲ್ ಹಾಕಿದ್ದ.

ಗೆರೆ ಗೆರೆಯಾಗಿ ಕಂಡಿತು. ಹಿಮ್ಮಡಿ ಹಿಮ್ಮಡಿಯಾಗಿ ಕಂಡಿತು. ಎರಡರ ನಡುವೆ ಬೆರಳಗಲ ನೆಲ ಕಂಡಿತು. ಹಿಮ್ಮಡಿ ಗೆರೆಯಾಚೆ ಊರಿತ್ತು. ಅಂಪೈರು ಆಗ ಅವಳ ಕೈಯ ಕಡೆಗೆ ನೋಡುತ್ತಿದ್ದದ್ದೂ ಕಂಡಿತು.

ಬೇಕೆಂದೇ ಸೋತಳು ಎಂದಿದ್ದವನು ಮೆಲ್ಲಗೆ ಎದ್ದು ಹೊರಗೆ ಹೋದ.

ಆಮೇಲೆ ನೋಡಬೇಕಿತ್ತು ಆಲೆಮನೆಯವನನ್ನು! ಎದೆ ಸೆಟೆಸಿ ಎದ್ದು ನಿಂತ. "ನೋಡ್ರಲಾ! ನೋಡ್ರಿ ನನ್ನ ಮಗಳ! ಯಾವನೂ ನೋಡ್ನಿಲ್ಲ, ಅಂಪೈರೂ ನೋಡ್ನಿಲ್ಲ. ಆದ್ರೂ ಕೈ ಎತ್ತವಳೆ! ಫೈನಲ್ ಕಪ್ಪು ಯಾರಿಗೆ ಬೇಕು? ಇಂಥ ಮಗಳು ಯಾರ ಮನೇಲದೆ ಹೇಳ್ರಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಬೀದಿಯವರೂ ಚಪ್ಪಾಳೆ ತಟ್ಟಿದರು. ಹೆಂಗಸರು ಅವಳ ಕೆನ್ನೆ ಸವರಿ ನೆಟಿಗೆ ಮುರಿದರು. ವ್ಯಾಪಾರಿ ಕಣ್ಣೊರೆಸಿಕೊಂಡ. ಆ ಸಂಜೆ ಆ ಮನೆಯಲ್ಲಿ ಹೆಮ್ಮೆ ಉಕ್ಕಿ ಹರಿಯಿತು. ಸುಳ್ಳು ಹೆಮ್ಮೆಯಲ್ಲ, ನಿಜವಾದದ್ದೇ.

ಆಲೆಮನೆಯವನು ಬಾಗಿಲ ಹತ್ತಿರ ಹೋಗಿ ಮಗಳ ಎರಡೂ ಕೈ ಹಿಡಿದುಕೊಂಡ. "ಈಗ ಕಂಡ್ತು ಕಣವ್ವಾ. ನೀನು ಹೇಳಿದ್ದೇ ದಿಟ. ನಾಳೇನೇ ಹೊರಡು ಶಿಬಿರಕ್ಕೆ, ನಾನೇ ಬಿಟ್ಟು ಬತ್ತೀನಿ," ಎಂದ.

ಜಯಶೀಲಾ ಅಪ್ಪನ ಮುಖ ನೋಡಿದಳು. ಗೋಡೆಯ ಟಿವಿಯ ಕಡೆಗೂ ನೋಡಿದಳು.

"ಒಳ್ಳೆ ಟಿವಿ ಕಣಪ್ಪಾ," ಎಂದಳು. ಕೈ ಬಿಡಿಸಿಕೊಂಡು ಬ್ಯಾಗು ಜೋಡಿಸಲು ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ಅಪ್ಪ ಏಳುವ ಮೊದಲೇ ಮೊದಲ ಬಸ್ಸು ಹತ್ತಿ ಹೊರಟುಹೋದಳು. ಶಿಬಿರದಲ್ಲಿ ಆಯ್ಕೆಯಾದಳು. ದೇಶಕ್ಕೆ ಆಡಿದಳು. ಅವಳ ಆಟ ಬಂದಾಗಲೆಲ್ಲ ಅಪ್ಪ ಎಚ್‌ಡಿ ಚಾನೆಲ್ ಹಾಕಿಕೊಂಡು ಊರನ್ನೇ ಕರೆದು ಕೂರಿಸಿದ. ಅವಳು ಮನೆಗೆ ಬಂದಾಗ ಅವನ ಜೊತೆ ಕೂತು ಉಂಡಳು, ಬೆಲ್ಲದ ಕೆಲಸ ವಿಚಾರಿಸಿದಳು. ಆಟದ ಮಾತನ್ನು ಮಾತ್ರ ಅವನ ಹತ್ತಿರ ಮತ್ತೆ ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. "ಎಂಥ ಹುಡುಗಿ, ಬುದ್ಧಿ! ಹಾಗಾದರೆ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ ಎಂದಾಯಿತು. ಭಕ್ತರಿಗೆ ಎಚ್‌ಡಿಯನ್ನೇ ಕೊಡಿಸಿ ಎನ್ನುತ್ತೇನೆ," ಎಂದ.

"ಹಾಗೇ ಹೇಳು. ಬಾಕ್ಸನ್ನೂ ಸೇರಿಸಿ ಹೇಳು, ಇಲ್ಲದಿದ್ದರೆ ನಿನ್ನ ಹುಡುಗರೂ ಸೊಳ್ಳೆಯ ಕಾಲು ಎಣಿಸುತ್ತಾ ಕೂರುತ್ತಾರೆ," ಎಂದರು ಗುರುಗಳು. ಶಿಷ್ಯ ನಗುತ್ತಾ ಕೈ ಮುಗಿದು ಎದ್ದ. ಬಾಗಿಲ ಹತ್ತಿರ ಹೋದಾಗ ಗುರುಗಳು ಅವನನ್ನು ಕರೆದರು. ಅವರ ಮುಖದಲ್ಲಿ ನಗು ಇರಲಿಲ್ಲ.

"ಹಿಮ್ಮಡಿ ನೋಡಲು ಆ ಅಪ್ಪನಿಗೆ ಎಚ್‌ಡಿ ಬೇಕಾಯಿತು, ಸರಿ, ಮಗಳನ್ನು ನೋಡಲೂ ಬೇಕಾಯಿತಲ್ಲ, ಮರಿ?"