ಬಿಟ್ಟುಕೊಟ್ಟ ಜಾಗ

"ಗುರುಗಳೇ, ಇಬ್ಬರು ಸೇರಿ ಮಾಡಿದ ಕೆಲಸದಲ್ಲಿ ತಪ್ಪು ಕಂಡರೆ, ಅದು ಯಾರದೆಂದು ಮೊದಲು ತೀರ್ಮಾನವಾಗಬೇಡವೇ?" ಎಂದು ಚನ್ನವೀರ ಕೇಳಿದ. ಅವನೂ ಅವನ ಜೊತೆಗಾರನೂ ಸೇರಿ ಬರೆದ ತಂತ್ರಾಂಶ ಜನರ ಫೈಲುಗಳನ್ನು ಹಾಳುಮಾಡುತ್ತಿತ್ತು. ಇಬ್ಬರೂ ಮಾತು ಬಿಟ್ಟಿದ್ದರು. ಚನ್ನವೀರ ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದ.

ಗುರುಗಳು ಕತೆ ಶುರುಮಾಡಿದರು.

ಕಂಪ್ಯೂಟರಿನಲ್ಲಿ ಫೈಲುಗಳನ್ನು ಇಡುವುದಕ್ಕೂ ತೆಗೆಯುವುದಕ್ಕೂ ಒಂದು ವ್ಯವಸ್ಥೆ ಬೇಕಲ್ಲ, ಅಂಥದ್ದೊಂದನ್ನು ಹಲವರು ಸೇರಿ ಕಟ್ಟಿದ್ದರು. ಅದರ ಕೋಡ್ ಎಲ್ಲರಿಗೂ ತೆರೆದಿತ್ತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಓದಬಹುದು ಎಂದ ಮಾತ್ರಕ್ಕೆ ಯಾರೂ ಓದುತ್ತಿರಲಿಲ್ಲ, ಆ ಮಾತು ಬೇರೆ. ಒಬ್ಬ, ಫೈಲನ್ನು ಓದಿ ಬರೆಯುವ ಭಾಗ ಮಾಡಿದ್ದ. ಇನ್ನೊಬ್ಬ, ಕೆಲಸ ಮುಗಿದ ಮೆಮೊರಿಯ ಜಾಗವನ್ನು ಯಂತ್ರಕ್ಕೆ ಬಿಟ್ಟುಕೊಡುವ ಭಾಗ ಮಾಡಿದ್ದ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಕಿವುಡ ಮಕ್ಕಳ ಶಾಲೆಯ ಒಬ್ಬ ಶಿಕ್ಷಕಿ ಸನ್ನೆ ಭಾಷೆಯ ಪಾಠಗಳನ್ನು ವೀಡಿಯೊ ಮಾಡಿ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ಒಂದು ದಿನ ಕೆಲವು ಪಾಠಗಳು ತೆರೆಯಲಿಲ್ಲ. ಉಳಿದವನ್ನು ಬೇರೆಡೆಗೆ ನಕಲು ಮಾಡಹೊರಟರೆ ಯಂತ್ರ ಅರ್ಧದಲ್ಲೇ ನಿಂತುಹೋಗಿ ಮತ್ತೊಂದು ಪಾಠ ಕೆಡುತ್ತಿತ್ತು. ಇಟ್ಟರೂ ಭಯ, ತೆಗೆದರೂ ಭಯ. ಎಲ್ಲರೂ ಓದುವ ಚರ್ಚೆಯ ಪುಟದಲ್ಲಿ ಅವಳು ತನ್ನ ಗೋಳು ಬರೆದಳು.

ಫೈಲು ಓದಿ ಬರೆಯುವ ಭಾಗ ಮಾಡಿದ್ದ ಮೊದಲನೆಯವನು ಅದನ್ನು ಕಂಡ. ತನ್ನ ಭಾಗವನ್ನು ಸಾಲುಸಾಲಾಗಿ ಓದಿದ. ತಪ್ಪಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಳಗೇನು ನಡೆಯುತ್ತದೆ ನೋಡೋಣವೆಂದು, ಪ್ರತಿ ಹೆಜ್ಜೆಯನ್ನೂ ಪರದೆಯ ಮೇಲೆ ತೋರಿಸುವ ಒಂದು ಸಾಲು ಸೇರಿಸಿ ಅವಳಿಗೆ ಕಳಿಸಿದ. ಯಂತ್ರ ನಿಲ್ಲಲಿಲ್ಲ! ಆ ಸಾಲು ತೆಗೆದರೆ ನಿಲ್ಲುತ್ತದೆ, ಇಟ್ಟರೆ ಇಲ್ಲ. ಏಕೆಂದು ಅವನಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ಪುಣ್ಯಾತ್ಮ ಅದನ್ನು ಅಲ್ಲೇ ಬಿಟ್ಟು, "ಸರಿಹೋಯಿತು, ಧೈರ್ಯವಾಗಿ ನಕಲು ಮಾಡಿ" ಎಂದು ಬರೆದ.

ಆ ಸಾಲು ಯಂತ್ರವನ್ನು ತುಸು ನಿಧಾನ ಮಾಡಿ ತಪ್ಪನ್ನು ಮರೆಮಾಡಿತ್ತು, ಅಷ್ಟೇ. ಶಿಕ್ಷಕಿ ಅವನನ್ನು ನಂಬಿ ನಕಲಿಗೆ ಕೂತಳು. ಪುಟ್ಟ ಮಕ್ಕಳಿಗೆ ಅಮ್ಮ, ಅಪ್ಪ, ನೀರು ಎಂದು ಕಲಿಸುವ ಪಾಠವೇ ಹೋಯಿತು.

ಸುದ್ದಿ ಮೊದಲನೆಯವನಿಗೆ ಮುಟ್ಟಿತು. ನಾಚಿಕೆ ಸಿಟ್ಟಾಗಿ ಇನ್ನೊಬ್ಬನ ಮೇಲೆ ತಿರುಗಿತು. "ನನ್ನ ಭಾಗ ಸರಿಯಾಗಿದೆ, ನಿಮ್ಮದನ್ನು ನೋಡಿಕೊಳ್ಳಿ" ಎಂದು ಎಲ್ಲರೆದುರು ಬರೆದ. "ನೋಡಿಯಾಯಿತು. ಕೆದಕಬೇಕಾದ್ದು ನಿಮ್ಮದನ್ನೇ" ಎಂದು ಇನ್ನೊಬ್ಬ ತಿರುಗಿ ಬರೆದ. ಮಾತಿಗೆ ಮಾತು ಬೆಳೆಯಿತು. ನಡುವೆ ಶಿಕ್ಷಕಿಯ ಒಂದು ಸಾಲು ಬಂತು: "ತರಗತಿಗೆಂದು ತೆರೆದೆ, ಇನ್ನೊಂದು ಪಾಠ ಹೋಯಿತು."

ಮೊದಲನೆಯವನು ಬರೆಯುತ್ತಿದ್ದ ಉತ್ತರವನ್ನು ಅಳಿಸಿಬಿಟ್ಟ. ಅದುವರೆಗೆ ಕಣ್ಣೆತ್ತಿಯೂ ನೋಡದಿದ್ದ ಇನ್ನೊಬ್ಬನ ಕೋಡನ್ನು ತೆರೆದು ಓದತೊಡಗಿದ. ತನ್ನದನ್ನು ಓದಿರೆಂದು ಅವನನ್ನು ಕೇಳಿಕೊಂಡ. ಆಗ ಗೊತ್ತಾಯಿತು. ಜಾಗ ಬಿಟ್ಟುಕೊಡುವ ಮುನ್ನ ಇನ್ನೊಬ್ಬ ತನ್ನನ್ನು ಕೇಳುತ್ತಾನೆಂದು ಮೊದಲನೆಯವನು ತಿಳಿದಿದ್ದ. ಜಾಗ ಇನ್ನೂ ಬೇಕಿದ್ದರೆ ಮೊದಲನೆಯವನೇ ಹೇಳುತ್ತಾನೆಂದು ಇನ್ನೊಬ್ಬ ತಿಳಿದಿದ್ದ. ಕೋಣೆಗೆ ಬೇರೆಯವರು ಬಂದ ಮೇಲೂ ಹಳೆಯ ಬೀಗದ ಕೈ ಇಟ್ಟುಕೊಂಡವನು ಒಳಗೆ ತನ್ನ ಸಾಮಾನು ತಂದು ಹಾಕಿದಂತೆ, ಮೊದಲನೆಯವನ ಭಾಗ, ಬಿಟ್ಟುಕೊಟ್ಟಾಗಿದ್ದ ಜಾಗದಲ್ಲೇ ಬರೆಯುತ್ತಿತ್ತು. ಮೆಮೊರಿ ಕಡಿಮೆಯಿದ್ದ ಆ ಹಳೆಯ ಯಂತ್ರದಲ್ಲಿ ಖಾಲಿಯಾದ ಜಾಗ ಕೂಡಲೇ ಇನ್ನೊಂದು ಪಾಠದ ಪಾಲಾಗುತ್ತಿತ್ತು. ಇಬ್ಬರೂ ಕೂಡಿ ತಿದ್ದಿದರು. ಉಳಿದ ಪಾಠಗಳು ಕ್ಷೇಮವಾಗಿ ಹೊರಬಂದವು. ಹೋದವು ಬರಲಿಲ್ಲ.

ಚನ್ನವೀರ ತಡೆಯಲಾರದೆ ಕೇಳಿದ: "ಅದು ಸರಿ ಗುರುಗಳೇ. ಕೊನೆಗೆ ತಪ್ಪು ಯಾರದೆಂದಾಯಿತು?"

ಗುರುಗಳು ಹೇಳಿದರು: "ನಾವಿಲ್ಲಿ ಕತೆ ಹೇಳಿಕೊಂಡು ಕೂತಿದ್ದಷ್ಟು ಹೊತ್ತಿನಲ್ಲಿ ಅಲ್ಲಿ ಯಾರ ಫೈಲು ಹಾಳಾಯಿತೋ, ಹೋಗಿ ನೋಡು."